ಸೂಲಗಿತ್ತಿಯ ಸಾಕ್ಷಿ

"ಮಹದೇವಪ್ಪನ ಅಪ್ಪ ಚನ್ನಪ್ಪ, ಚನ್ನಪ್ಪನ ಅಪ್ಪ ಕುಳ್ಳಯ್ಯ, ಕುಳ್ಳಯ್ಯನ ಅಪ್ಪ ಹಿರಿಮಾದಪ್ಪ, ಬೆಟ್ಟದಪುರ ಬುಟ್ಟು ಈ ಊರ್ಗೆ ಬಂದೋನು..."

ಹೆಳವಯ್ಯ ಜಗಲಿಯ ಮೇಲೆ ಕೂತು ರಾಗವಾಗಿ ಹೇಳುತ್ತಿದ್ದ. ಮನೆಮನೆಯ ವಂಶಾವಳಿ ಬರೆದಿಟ್ಟುಕೊಂಡು ಎತ್ತಿನ ಮೇಲೆ ಊರೂರು ತಿರುಗುವ ಅವನು ಈ ಮನೆಗೆ ಬಂದು ಹದಿನೈದು ವರ್ಷವಾಗಿತ್ತು. ಸಾವಿರದ ಒಂಬೈನೂರ ಐವತ್ತೈದರಲ್ಲಿ ಬಂದಾಗ ಮಹದೇವಪ್ಪನ ಹೆಂಡತಿ ಚಿಕ್ಕಬಸಮ್ಮ ಹೊಸ ಮದುಮಗಳು. ಈಗ ಅವಳು ಬಾಗಿಲ ಮರೆಯಲ್ಲಿ ನಿಂತು ಕಿವಿಗೊಟ್ಟಿದ್ದಳು.

ಪಕ್ಕದ ಗೋಡೆಯಾಚೆಯಿಂದ ಕುಟ್ ಕುಟ್ ಸದ್ದು ಬರುತ್ತಿತ್ತು. ಹಲ್ಲಿಲ್ಲದ ಸೂಲಗಿತ್ತಿ ಮರಮ್ಮ ಎಲೆಅಡಿಕೆ ಕುಟ್ಟುತ್ತಿದ್ದಳು. ಬೆಳಗೆದ್ದರೆ ಅವಳಿಗೆ ಅದೇ ಕೆಲಸ.

"ಈಗ ಹೊಸ ಕುಡಿ ಬರ್ಕೊಳಣ," ಹೆಳವಯ್ಯ ಪುಸ್ತಕ ತಿರುವಿದ. "ಮಕ್ಕಳೆಷ್ಟು ಯಜಮಾನ್ರೇ?"

"ಒಬ್ಬಳೇ ಮಗಳು. ನಂಜಮಣಿ," ಎಂದ ಮಹದೇವಪ್ಪ.

"ಹೆರಿಗೆ ಮಾಡಿದ ಸೂಲಗಿತ್ತೀನ ಕರೆಸಿ. ಇದೇ ತಾಯಿ ಒಟ್ಟೇಲಿ ಉಟ್ಟಿದ್ದು ಅಂತ ಅವಳು ಹೇಳಿದ ಮ್ಯಾಲೇ ನಾನು ಬರೆಯೋದು. ನಮ್ಮಪ್ಪನ ಕಾಲದಿಂದ ಅಂಗೇಯ."

ಶಿವನೇ, ಮುಗೀತು ಎಂದುಕೊಂಡಳು ಚಿಕ್ಕಬಸಮ್ಮ.

ಅವಳ ಹೆರಿಗೆಯ ಹೊತ್ತಿಗೆ ಗಂಡ ಕೊಡಗಿನ ಕಾಫಿ ತೋಟದಲ್ಲಿ ಕೂಲಿಗಿದ್ದ. ಹುಟ್ಟಿದ ಮಗು ಅಳಲೇ ಇಲ್ಲ. ಅವತ್ತೇ, ನಾಟಿ ಕೂಲಿಗೆ ಬಂದಿದ್ದ ಯಾವೂರವಳೋ ಒಬ್ಬಳು ಹೆತ್ತು ಸತ್ತಳು. ಮರಮ್ಮ ಸತ್ತ ಕೂಸನ್ನು ಎತ್ತಿಕೊಂಡು ಹೋಗಿ, ಅಳುವ ಕೂಸನ್ನು ತಂದು ಮಡಿಲಿಗೆ ಹಾಕಿದಳು. ಹದಿನಾಲ್ಕು ವರ್ಷ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಆದರೆ ಈಗ ಆ ಹಾಳು ಮುದುಕಿಗೆ ಅರುಳುಮರುಳು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಯಾರ್ಯಾರದೋ ಹೆರಿಗೆಯ ಗುಟ್ಟು ಹೇಳುತ್ತಾಳೆ. ಪುಸ್ತಕದಲ್ಲಿ ಹೆಸರಿಲ್ಲದ ಹುಡುಗಿಯನ್ನು ಕುಲದವರು ಯಾರು ಸೊಸೆಯಾಗಿ ತಂದುಕೊಳ್ಳುತ್ತಾರೆ? ಅದಿರಲಿ, ಗೊತ್ತಾದರೆ ಗಂಡನೇ ಅವಳನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾನೋ ಇಲ್ಲವೋ.

"ಮರಮ್ಮ ಯಾಕ್ರೀ? ಅವಳ್ಗೆ ನೆಪ್ಪೇ ಇಲ್ಲ," ಎಂದಳು.

"ಹುಡುಗಿ ಮಕ ನೋಡಿದ್ರೆ ನೆಪ್ಪಾಯ್ತದೆ ಬುಡಿ ತಾಯಿ."

ಮಹದೇವಪ್ಪ ಟವಲು ಹೆಗಲಿಗೆ ಹಾಕಿಕೊಂಡು ಎದ್ದ. "ನಾನೇ ಹೋಗಿ ಬತ್ತೀನಿ."

ನಂಜಮಣಿ ಮಜ್ಜಿಗೆ ತಂದುಕೊಟ್ಟಳು. ಹೆಳವಯ್ಯ ಲೋಟ ಹಿಡಿದೇ ಅವಳ ಮುಖವನ್ನು ದಿಟ್ಟಿಸಿದ.

"ಯಾರ ಹೋಲಿಕೆನವ್ವ ನಿಂದು?"

ಹುಡುಗಿ ನಕ್ಕು ಒಳಗೆ ಬಂದಳು. ಗೋಡೆಯಾಚೆ ಕುಟ್ಟುವ ಸದ್ದು ನಿಂತಿತು. ಮರಮ್ಮ ಎದ್ದಳು, ಬರುತ್ತಿದ್ದಾಳೆ. ಚಿಕ್ಕಬಸಮ್ಮ ಮಗಳ ಕೈ ಹಿಡಿದುಕೊಂಡಳು.

"ಯಾಕವ್ವ, ಇಂಗೆ ಬೆವ್ತಿದ್ದೀಯ?" ನಂಜಮಣಿ ಕೇಳಿದಳು.

ಮಹದೇವಪ್ಪ ಒಬ್ಬನೇ ವಾಪಸ್ಸು ಬಂದ.

"ಮರಮ್ಮ ಇಲ್ಲ ಕಣ್ರೀ. ಕಂಪಲಾಪುರಕ್ಕೆ, ಮಗಳ ಮನೆಗೆ ಹೋಗವಳೆ. ವಾರ ಆಯ್ತಂತೆ." ಜಗಲಿಯ ಮೇಲೆ ಕೂತ. ಹೆಂಡತಿಯ ಕಡೆ ನೋಡಲಿಲ್ಲ. "ಅವಳ ಅಪ್ಪ ನಾನೇ ಹೇಳ್ತಾ ಇವ್ನಲ್ಲ, ಬರ್ಕೊಳ್ಳಿ."

ಅಷ್ಟರಲ್ಲಿ ಗೋಡೆಯಾಚೆ ಮತ್ತೆ ಕುಟ್ ಕುಟ್ ಶುರುವಾಯಿತು. ಹೆಳವಯ್ಯ ತಲೆಯೆತ್ತಿದ.

"ನಂಜಮಣಿ," ಮಹದೇವಪ್ಪ ಗಟ್ಟಿಯಾಗಿ ಕೂಗಿದ, "ಅಯ್ಯನ ಎತ್ತಿಗೆ ಇನ್ನೊಂದು ಕಂತೆ ಹುಲ್ಲಾಕವ್ವ."

ಹೆಳವಯ್ಯ ಅವನನ್ನು ಒಂದು ಗಳಿಗೆ ನೋಡಿದ. ಆಮೇಲೆ ಲೇಖನಿಯನ್ನು ಮಸಿಗೆ ಅದ್ದಿ ಪುಸ್ತಕದ ಮೇಲೆ ಬಗ್ಗಿದ. ಚಿಕ್ಕಬಸಮ್ಮ ಬಾಗಿಲಿಗೊರಗಿ ಕೂತಳು. ನಂಜಮಣಿ ಹುಲ್ಲು ಹಿಡಿದು ಅಂಗಳಕ್ಕೆ ಇಳಿದಳು. ಗೋಡೆಯಾಚೆ ಮರಮ್ಮ ಎಲೆಅಡಿಕೆ ಕುಟ್ಟುತ್ತಲೇ ಇದ್ದಳು.