ಟೀವಿ ಪತ್ತೇದಾರರ ನಿಜವಾದ ಕೇಸು

ಜಹೀರಾಬಾದಿನ ಕೇಬಲ್ ಚಾನೆಲಿನಲ್ಲಿ ರವಿವಾರ ಸಂಜೆ ‘ಅಕ್ಕ-ತಮ್ಮ ಪತ್ತೇದಾರರು’ ಎಂಬ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಅಕ್ಕನಾಗಿದ್ದ ಸ್ವರೂಪಾ ನಿಜಕ್ಕೂ ಅಕ್ಕ, ತಮ್ಮನಾಗಿದ್ದ ಪ್ರಬುದ್ಧ ನಿಜಕ್ಕೂ ತಮ್ಮ. ಅದೊಂದನ್ನು ಬಿಟ್ಟರೆ ಅದರಲ್ಲಿ ನಿಜ ಎನ್ನುವಂಥದ್ದು ಏನೂ ಇರಲಿಲ್ಲ.

ಸ್ವರೂಪಾ ಸರಕಾರಿ ಶಾಲೆಯಲ್ಲಿ ಗಣಿತದ ಟೀಚರು. ಮೂವತ್ತಾರು ವರ್ಷ. ಬೆಳಗಾಯಿತು ಎಂದರೂ ‘ಯಾಕ?’ ಎಂದು ಕೇಳುವ ಜಾತಿ. ಪ್ರಬುದ್ಧ ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು, ಬಸ್ ನಿಲ್ದಾಣದ ಹತ್ತಿರ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ. ಎದುರಿಗಿದ್ದವರ ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಹೇಳಿಬಿಡುತ್ತಿದ್ದ. ಅದು ಬೇರೆ ಯಾವುದೋ ಪ್ರಶ್ನೆಯ ಉತ್ತರವಾಗಿರುತ್ತಿತ್ತು. “ಇಬ್ಬರನ್ನೂ ಕಲಸಿ ಮತ್ತೊಮ್ಮಿ ಮಾಡಿದ್ರ ಒಂದು ಚೊಲೊ ಮನಷ್ಯಾ ಆಗ್ತಿತ್ತು” ಎಂದು ತಾಯಿ ಸಾಯಮ್ಮ ಬಂದವರೆದುರು ಹೇಳುತ್ತಿದ್ದಳು.

ಇವರ ಜಗಳ ನೋಡಿಯೇ ಕೇಬಲ್ ಮಾಲೀಕ ಸತೀಶಕುಮಾರನಿಗೆ ಧಾರಾವಾಹಿ ಹೊಳೆದದ್ದು. ಅವನು ನಾರಾಯಣಖೇಡದವನು, ಮೂರು ಭಾಷೆಯಲ್ಲೂ ಅರ್ಧಂಬರ್ಧ ಮಾತಾಡುವವನು. ಧಾರಾವಾಹಿಯೂ ಹಾಗೆಯೇ ಅರ್ಧ ಕನ್ನಡ, ಕಾಲು ತೆಲುಗು, ಉಳಿದದ್ದು ದಖನಿ ಉರ್ದು. ಪ್ರತಿ ವಾರ ತಮ್ಮ ಉದ್ದನೆಯ ಕೋಟು, ಕಪ್ಪು ಕನ್ನಡಕ ಹಾಕಿಕೊಂಡು ತಪ್ಪು ಮನುಷ್ಯನನ್ನು ಹಿಡಿಯುತ್ತಿದ್ದ. ಕೊನೆಯ ಐದು ನಿಮಿಷದಲ್ಲಿ ಅಕ್ಕ ಬಂದು ಸರಿಯಾದ ಕಳ್ಳನನ್ನು ತೋರಿಸುತ್ತಿದ್ದಳು. “ನಟನೆ ಏನೂ ಬ್ಯಾಡ್ರಿ, ಮನಿಯಾಗ ಹ್ಯಾಂಗ ಇರ್ತೀರಿ ಹಂಗ ಇರ್ರಿ” ಎಂದು ಸತೀಶಕುಮಾರ ಹೇಳಿದ್ದರಿಂದಲೇ ಸ್ವರೂಪಾ ಒಪ್ಪಿದ್ದು.

2011ರ ಸೆಪ್ಟೆಂಬರಿನಲ್ಲಿ ಪ್ರತ್ಯೇಕ ತೆಲಂಗಾಣಕ್ಕಾಗಿ ದೊಡ್ಡ ಮುಷ್ಕರ ಶುರುವಾಯಿತು. ಶಾಲೆ ಮುಚ್ಚಿತು, ದಫ್ತರ ಎಂದು ಕರೆಯುವ ಸರಕಾರಿ ಕಚೇರಿಗಳಿಗೆ ಬೀಗ ಬಿತ್ತು, ಬಸ್ಸುಗಳು ನಿಂತವು, ಕರೆಂಟು ಬಂದರೆ ಬಂತು ಎನ್ನುವ ಹಾಗಾಯಿತು. ಶೂಟಿಂಗೂ ನಿಂತಿತು. ಸ್ವರೂಪಾ ತನ್ನ ಸರದಿಯ ದಿನ ಮುಷ್ಕರದ ಟೆಂಟಿಗೆ ಹೋಗಿ ಕೂತು ಬರುತ್ತಿದ್ದಳು. ಉಳಿದ ದಿನ ಅಕ್ಕ-ತಮ್ಮ ಮನೆಯಲ್ಲೇ ಪುಕ್ಕಟೆ ಜಗಳವಾಡುತ್ತಿದ್ದರು.

ಮುಷ್ಕರದ ಮೂರನೆಯ ವಾರ ಒಂದು ಬೆಳಿಗ್ಗೆ ಕೊಹೀರಿನ ಸರಸ್ವತೀಬಾಯಿ ಎಂಬಾಕೆ ಪೇರಲಹಣ್ಣಿನ ಬುಟ್ಟಿಗಳ ನಡುವೆ ಸರಕಿನ ಆಟೋದಲ್ಲಿ ಕೂತು ಜಹೀರಾಬಾದಿಗೆ ಬಂದಳು. ಪತ್ತೇದಾರರ ಮನೆ ಎಲ್ಲಿ ಎಂದು ನಾಲ್ಕು ಕಡೆ ಕೇಳಿ, ಕೊನೆಗೆ ಇವರ ಬಾಗಿಲಿಗೆ ಬಂದು ನಿಂತಳು.

“ನಾವು ಖರೇ ಪತ್ತೇದಾರರಲ್ರಿ ಅಮ್ಮಾ, ಅದು ನಾಟಕ” ಎಂದಳು ಸ್ವರೂಪಾ.

“ಕಳ್ಳರನ್ನ ಹಿಡದಿದ್ದು ನಾ ಕಣ್ಣಾರೆ ನೋಡೀನಿ. ನಮ್ಮ ಓಣಿಯವರೆಲ್ಲಾ ನೋಡ್ಯಾರ.”

“ಆ ಕಳ್ಳರೂ ಕಳ್ಳರಲ್ರಿ. ಒಬ್ಬವ ಸತೀಶಕುಮಾರನ ಭಾವ.”

“ಯಾರ ಭಾವ ಆದ್ರ ಏನು? ಕಳ್ಳ ಕಳ್ಳನ” ಎಂದು ಸರಸ್ವತೀಬಾಯಿ ಕೂತೇಬಿಟ್ಟಳು.

ಪ್ರಬುದ್ಧ ಅಷ್ಟರಲ್ಲಿ ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದಿದ್ದ.

ಸರಸ್ವತೀಬಾಯಿಯ ಮಗಳು ಶ್ರೀಪ್ರಿಯಾ ಕೊಹೀರಿನ ಖಾಸಗಿ ಶಾಲೆಯೊಂದರಲ್ಲಿ ಕಲಿಸುತ್ತಿದ್ದಳು. ಅವಳಿಗೆ ತಾಂಡೂರಿನಿಂದ ಸಂಬಂಧ ಬಂದಿತ್ತು. ಹುಡುಗನ ಹೆಸರು ಸೋಮಶೇಖರ, ಸರಕಾರಿ ನೌಕರಿ ಎಂದು ಸಂಬಂಧ ತಂದವರು ಹೇಳಿದ್ದರು. ದಸರೆಯ ದಿನ ನಿಶ್ಚಯವಾಗಬೇಕು. ನೌಕರಿ ಹೌದೋ ಅಲ್ಲವೋ ನೋಡೋಣವೆಂದರೆ ದಫ್ತರಗಳಿಗೆಲ್ಲ ಬೀಗ. ಸಾಕ್ಷಿಗೆಂದು ಅವರು ಕೊಟ್ಟದ್ದು ಪತ್ರಿಕೆಯ ಒಂದು ತುಣುಕು: ತಾಂಡೂರಿನ ಟೆಂಟಿನಲ್ಲಿ ಮುಷ್ಕರನಿರತ ನೌಕರರು, ಮುಂದಿನ ಸಾಲಿನಲ್ಲಿ ಬಾವುಟ ಹಿಡಿದ ಸೋಮಶೇಖರ.

“ನೌಕರಿ ಇರಲಾರದವ ಸ್ಟ್ರೈಕ್ ಹ್ಯಾಂಗ ಮಾಡ್ತಾನ್ರಿ ಅಂತಾರ. ಮಾತು ಖರೇನ ಅನಸ್ತದ. ಆದ್ರೂ ನನಗ ನಿದ್ದಿ ಬರವಲ್ದು” ಎಂದಳು ಸರಸ್ವತೀಬಾಯಿ.

“ಕೇಸ್ ತಗೊಂಡ್ವಿ!” ಎಂದ ಪ್ರಬುದ್ಧ.

“ನಾ ತಗೊಂಡಿಲ್ಲ” ಎಂದಳು ಸ್ವರೂಪಾ. ಆದರೆ ಪತ್ರಿಕೆಯ ತುಣುಕು ಅವಳ ಕೈಯಲ್ಲೇ ಇತ್ತು. ಅದನ್ನು ಬೆಳಕಿಗೆ ಹಿಡಿದು ಕೇಳಿದಳು: “ಯಾವ ದಫ್ತರ ಅಂತ ಹೇಳ್ಯಾನ?”

“ಯಾವುದೋ ಸರಕಾರಿದು ಅಂದ್ರು.”

ಸ್ವರೂಪಾಳಿಗೆ ಆ ‘ಯಾವುದೋ’ ಹಲ್ಲಿನ ಸಂದಿನ ಸಜ್ಜೆಕಾಳಿನ ಹಾಗೆ ಸಿಕ್ಕಿಕೊಂಡಿತು. ಸಂಜೆಯ ಹೊತ್ತಿಗೆ ಅವಳೇ ಸ್ಕೂಟಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದಳು.

ಮರುದಿನ ಬೆಳಿಗ್ಗೆ ತಾಂಡೂರಿಗೆ ಹೊರಟರು. ಅಕ್ಕ ಓಡಿಸುತ್ತಿದ್ದಳು, ತಮ್ಮ ಹಿಂದೆ ಕೂತಿದ್ದ. ಕೋಟಿನ ಅಂಚು ಚಕ್ರಕ್ಕೆ ಸಿಕ್ಕೀತೆಂದು ಅವಳು ಮೂರು ಸಲ ನಿಲ್ಲಿಸಿದಳು. ನಾಲ್ಕನೆಯ ಸಲ ಅದನ್ನು ಬಿಚ್ಚಿಸಿ ಸೀಟಿನ ಕೆಳಗಿನ ಡಬ್ಬಿಗೆ ತುರುಕಿದಳು.

“ಕೋಟಿಲ್ದ ನನ್ನನ್ನ ಯಾರು ಗುರುತು ಹಿಡೀತಾರ?” ಎಂದ ಪ್ರಬುದ್ಧ.

“ಪತ್ತೇದಾರನ ಗುರುತು ಯಾರಿಗೂ ಸಿಗಬಾರದಪ್ಪಾ.”

ಸತೀಶಕುಮಾರನ ಕೇಬಲ್ ತಾಂಡೂರಿನ ತನಕ ಹೋಗಿರಲಿಲ್ಲ. ಟೆಂಟಿನಲ್ಲಿ ಇನ್ನೂರು ಜನರಿದ್ದರೂ ಒಬ್ಬನೂ ಪ್ರಬುದ್ಧನ ಮುಖ ನೋಡಿ ಹುಬ್ಬೇರಿಸಲಿಲ್ಲ. ಅವನು ಆ ನೋವನ್ನು ನುಂಗಿಕೊಂಡು ಹೈದರಾಬಾದಿನ ಪತ್ರಕರ್ತನೆಂದು ಹೇಳಿಕೊಳ್ಳುತ್ತ ಒಳಗೆ ನುಗ್ಗಿದ. ಪತ್ರಕರ್ತರು ಬಂದಿದ್ದಾರೆಂದರೆ ಬಿಡುತ್ತಾರೆಯೇ? ಕೈ ಹಿಡಿದು ವೇದಿಕೆ ಹತ್ತಿಸಿ ಎರಡು ಮಾತು ಆಡಿ ಎಂದು ಮೈಕು ಕೊಟ್ಟರು. ಪ್ರಬುದ್ಧ ಇಪ್ಪತ್ತು ನಿಮಿಷ ಮಾತಾಡಿದ.

ಸ್ವರೂಪಾಳಿಗೆ ವೇಷವೇ ಬೇಕಿರಲಿಲ್ಲ. ಅವಳೂ ಮುಷ್ಕರದ ಟೀಚರೇ. ಜಮಖಾನದ ಮೇಲೆ ಜಾಗ ಮಾಡಿಕೊಂಡು ಕೂತಳು. ಸೋಮಶೇಖರ ಕಂಡದ್ದು ತಕ್ಷಣವೇ: ತೆಳ್ಳಗಿನ ಯುವಕ, ಎಲ್ಲರಿಗೂ ನೀರು ಕೊಡುತ್ತ ಓಡಾಡುತ್ತಿದ್ದ. ನೀರು ಇಸಿದುಕೊಂಡು ಅವಳು ಸಲೀಸಾಗಿ ಕೇಳಿದಳು: “ನಿಮ್ಮ ಸಾಹೇಬರು ಹ್ಯಾಂಗ್ರೀ?”

“ಭಾಳ ಚೊಲೊ ಮನಷ್ಯಾರ್ರಿ” ಎಂದ ಸೋಮಶೇಖರ.

ಸ್ವರೂಪಾ ಲೋಟ ಕೆಳಗಿಟ್ಟಳು. ಹದಿಮೂರು ವರ್ಷದ ನೌಕರಿಯಲ್ಲಿ ತನ್ನ ಸಾಹೇಬನನ್ನು ಬೈಯದ ಸರಕಾರಿ ನೌಕರನನ್ನು ಅವಳು ಒಬ್ಬನನ್ನೂ ನೋಡಿರಲಿಲ್ಲ.

ಪಕ್ಕದಲ್ಲಿ ಮೈಸಮ್ಮ ಎಂಬ ಹಿರಿಯ ಹೆಂಗಸು ಕೂತಿದ್ದಳು, ಒಂದು ದಫ್ತರದಲ್ಲಿ ಜವಾನಳು. ಸ್ವರೂಪಾ ಅವಳ ಕಿವಿಯ ಹತ್ತಿರ ಬಾಗಿದಳು. “ಇವರು ನಿಮ್ಮ ದಫ್ತರದವರೇನ್ರಿ?”

“ಇಲ್ಲವ್ವಾ. ಮುಂದಿನ ಸಾಲಿನವರ ಕಡಿಯವ ಇರಬೇಕು ಅಂತ ನಾವು. ನಿನ್ನಿ ಅವರು ನಮ್ಮನ್ನ ಕೇಳಿದ್ರು, ಇವ ನಿಮ್ಮವನೇನು ಅಂತ!” ಮೈಸಮ್ಮ ನಕ್ಕಳು. “ಯಾರವನಾದ್ರೂ ಆಗ್ಲಿ, ದಿನಾ ನಮಗಿಂತ ಮೊದ್ಲ ಬಂದು ಜಮಖಾನ ಹಾಸ್ತಾನ. ಇಂಥಾ ನೌಕರ ಯಾವ ದಫ್ತರದಾಗೂ ಸಿಗಂಗಿಲ್ಲ.”

ಸ್ವರೂಪಾ ಸೋಮಶೇಖರನನ್ನು ಚಹಾದಂಗಡಿಗೆ ಕರೆದುಕೊಂಡು ಹೋದಳು. ವೇದಿಕೆಯಿಂದ ಕಷ್ಟಪಟ್ಟು ಇಳಿದಿದ್ದ ಪ್ರಬುದ್ಧನೂ ಬಂದ. ಕೊಹೀರಿನಿಂದ ಸರಸ್ವತೀಬಾಯಿ ಕಳಿಸಿದ್ದಾರೆ ಎಂದದ್ದೇ ತಡ, ಸೋಮಶೇಖರನ ಮುಖ ಬಿಳುಚಿಕೊಂಡಿತು. ಅವನು ಏನನ್ನೂ ಮುಚ್ಚಿಡಲಿಲ್ಲ.

ಅವನ ಅಪ್ಪನದು ನೆಲಗಲ್ಲಿಗೆ ಪಾಲಿಶ್ ಹಾಕುವ ಸಣ್ಣ ಕಾರ್ಖಾನೆ. ಸೋಮಶೇಖರ ಅಲ್ಲೇ ಕೆಲಸ ಮಾಡುತ್ತ ಸರಕಾರಿ ನೌಕರಿಗೆ ಎರಡು ಸಲ ಪರೀಕ್ಷೆ ಬರೆದಿದ್ದ, ಎರಡು ಸಲವೂ ಆಗಿರಲಿಲ್ಲ. ಮುಷ್ಕರದ ಮೊದಲನೇ ದಿನ ಟೆಂಟಿನ ಮುಂದೆ ಹಾದುಹೋಗುವಾಗ ಯಾರೋ ಕೈಗೆ ಬಾವುಟ ಕೊಟ್ಟು “ಬರ್ರಿ ಸಾರ್, ಕೂಡ್ರಿ” ಎಂದರು.

“ನನ್ನನ್ನ ಅಲ್ಲಿತನ ಯಾರೂ ಸಾರ್ ಅಂದಿದ್ದಿಲ್ರಿ. ಕೂತೆ. ಮರುದಿನಾನೂ ಹೋದೆ. ಫೋಟೋ ಬಂತು, ಸಂಬಂಧ ತಂದವರು ನೌಕರಿ ಅಂತ ತಿಳಕೊಂಡ್ರು. ನಾ ಹೌದು ಅಂದಿಲ್ರಿ.” ಆಮೇಲೆ ತಾನಾಗಿಯೇ, “ಅಲ್ಲ ಅಂತಾನೂ ಅನ್ಲಿಲ್ಲ” ಎಂದ.

“ಇರಲಾರದ ನೌಕರಿಗಿ ಇಪ್ಪತ್ತ ದಿನ ಸ್ಟ್ರೈಕ್ ಮಾಡ್ಯಾನ!” ಪ್ರಬುದ್ಧ ಮೇಜು ಬಡಿದ. “ಅಕ್ಕಾ, ಎಲ್ಲಾರನ್ನೂ ಒಂದು ಕೋಣ್ಯಾಗ ಕೂಡಸಿ ನಾ ಹೇಳ್ತೀನಿ, ಧಾರಾವಾಹಿಯಾಗ ಹೇಳ್ದಂಗ.”

“ನೀ ಬಾಯಿ ಮುಚ್ಚು” ಎಂದಳು ಸ್ವರೂಪಾ. ಆಮೇಲೆ ಸೋಮಶೇಖರನಿಗೆ, “ನಾವು ಹೇಳಿದ್ರ ಅದು ಚಾಡಿ ಆಗ್ತದ. ನೀವೇ ಬಂದು ಹೇಳ್ರಿ. ಇವತ್ತ” ಎಂದಳು.

ಸೋಮಶೇಖರ ತನ್ನ ಬೈಕು ತಂದ. ಓಡಿಹೋದಾನೆಂದು ಪ್ರಬುದ್ಧ ಅವನ ಹಿಂದೆ ಕೂತ. ಸ್ವರೂಪಾ ಸ್ಕೂಟಿಯಲ್ಲಿ ಹಿಂಬಾಲಿಸಿದಳು. ಮೊದಲ ಹತ್ತು ಕಿಲೋಮೀಟರ್ ಪ್ರಬುದ್ಧ ಅಪರಾಧಿಯ ಭುಜವನ್ನು ಭದ್ರವಾಗಿ ಹಿಡಿದಿದ್ದ. ಅರ್ಧ ದಾರಿಯ ಹೊತ್ತಿಗೆ ಇಬ್ಬರೂ ಏನೋ ಮಾತಾಡಿ ನಗುತ್ತಿದ್ದರು. ಕೊಹೀರು ಮುಟ್ಟುವಾಗ ಪ್ರಬುದ್ಧ ಅವನಿಗೆ ಧಾರಾವಾಹಿಯಲ್ಲಿ ಪಾತ್ರ ಕೊಡುವ ಮಾತು ಆಡಿಯಾಗಿತ್ತು.

ಸರಸ್ವತೀಬಾಯಿಯ ಪಡಸಾಲೆಯಲ್ಲಿ ಸೋಮಶೇಖರ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಸರಸ್ವತೀಬಾಯಿ ಮೊದಲು ಅವನನ್ನು ಬೈದಳು, ಆಮೇಲೆ ಸಂಬಂಧ ತಂದವರನ್ನು, ಆಮೇಲೆ ಪತ್ರಿಕೆಯವರನ್ನು. ಒಳಬಾಗಿಲಲ್ಲಿ ನಿಂತಿದ್ದ ಶ್ರೀಪ್ರಿಯಾ ಅಮ್ಮನ ಉಸಿರು ಮುಗಿಯುವ ತನಕ ಕಾದು ಕೇಳಿದಳು:

“ಕಲ್ಲಿಗಿ ಪಾಲಿಶ್ ಮಾಡಾಕ ಚೊಲೊ ಬರ್ತದೇನ್ರಿ ನಿಮಗ?”

“ಬರ್ತದ್ರಿ.” ಆ ದಿನ ಮೊದಲ ಬಾರಿಗೆ ಅವನ ದನಿ ಗಟ್ಟಿಯಾಯಿತು. “ತಾಂಡೂರಾಗ ನನ್ನಷ್ಟು ನುಣ್ಣಗ ಯಾರೂ ಮಾಡಂಗಿಲ್ಲ.”

“ಮತ್ತ ಅದನ್ನ ಹೇಳಾಕ ಏನಾಗಿತ್ತು?”

ಸೋಮಶೇಖರ ಕಾಲಡಿಯ ಹಾಸುಗಲ್ಲನ್ನು ಹೆಬ್ಬೆರಳಿನಿಂದ ಉಜ್ಜಿದ.

“ದಸರಾಕ್ಕ ನಿಶ್ಚಯ ಇಲ್ಲ” ಎಂದಳು ಸರಸ್ವತೀಬಾಯಿ.

“ಇಲ್ಲ” ಎಂದಳು ಶ್ರೀಪ್ರಿಯಾ. “ಸ್ಟ್ರೈಕ್ ಮುಗದ ಮ್ಯಾಲ ಇವರಪ್ಪನ್ನ ಕರಕೊಂಡು ಬರ್ಲಿ. ತಾ ಯಾರು ಅಂತ ತಾನೇ ಹೇಳ್ಲಿ. ಆಗ ನೋಡೂಣು.”

ಅವನು ಬಂದ. ಮುಷ್ಕರ ಮುಗಿದ ನಾಲ್ಕನೆಯ ದಿನವೇ ಅಪ್ಪನ ಜೊತೆ ಬಂದ. ಸರಸ್ವತೀಬಾಯಿ ಸಿಟ್ಟಿಗೆ ಎರಡು ತಾಸು ಚಹಾ ಕೊಡಲಿಲ್ಲ, ಆಮೇಲೆ ಊಟಕ್ಕೇ ನಿಲ್ಲಿಸಿಕೊಂಡಳು. ಮಾಘದಲ್ಲಿ ಮದುವೆಯಾಯಿತು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಅಕ್ಕ-ತಮ್ಮ ಕೊಹೀರಿನಿಂದ ಜಹೀರಾಬಾದಿಗೆ ಹೊರಟಾಗ ಸ್ಕೂಟಿಯ ಮುಂದೆ ಒಂದು ಚೀಲ ಪೇರಲಹಣ್ಣಿತ್ತು, ಹಿಂದೆ ಪ್ರಬುದ್ಧ ಮೌನವಾಗಿ ಕೂತಿದ್ದ. ಹೆದ್ದಾರಿ ಸೇರುವ ತನಕ ಅವನು ಒಂದು ಮಾತೂ ಆಡದಿದ್ದದ್ದು ನೋಡಿ ಸ್ವರೂಪಾಳಿಗೆ ಗಾಬರಿಯಾಯಿತು.

“ಏನಾತೋ?”

“ಏನಿಲ್ಲ. ಇಡೀ ದಿನ ನನ್ನಿಂದ ಒಂದೂ ಕೆಲಸ ಆಗ್ಲಿಲ್ಲ. ಕೇಸ್ ನೀನೇ ಹಿಡದಿ, ಮಾತು ಅವನೇ ಹೇಳ್ದ.”

ಎದುರಿನಿಂದ ಒಂದು ಲಾರಿ ದಾಟಿಹೋಯಿತು. ಸ್ವರೂಪಾ ಸ್ಕೂಟಿಯ ವೇಗ ಇಳಿಸಿದಳು. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

“ನೀ ಮೈಕ್ನಾಗ ಮಾತಾಡಾಕತ್ತಾಗ ನನ್ನ ಬಾಜೂಕ ಕೂತ ಮುದುಕಿ ಕಣ್ಣೀರು ಒರಸ್ಕೊಂಡ್ಳು” ಎಂದಳು.

“ಖರೇ?”

“ಖರೇ. ನಾನೂ ಚಪ್ಪಾಳಿ ಹೊಡದೆ.”

ಪ್ರಬುದ್ಧ ಮುಂದಕ್ಕೆ ಬಾಗಿ ಚೀಲದಿಂದ ಒಂದು ಹಣ್ಣು ತೆಗೆದು ಕಚ್ಚಿ, ಆ ಭಾಷಣವನ್ನು ಮೊದಲಿನಿಂದ ಶುರುಮಾಡಿದ.