ಒಂಬತ್ತು ಗಂಟೆಯ ಗಂಡ

ಬೆಸುಗೆ ಅಕ್ಕನನ್ನು ಆ ಸಭೆಗೆ ಕರೆದಿದ್ದೇ ಒಂದು ಸೋಜಿಗ. ಹದಿನೇಳು ವರ್ಷದಿಂದ ಅವಳು ಆ ಸಣ್ಣ ಕಂಪನಿಯಲ್ಲಿ ಭೂತಗನ್ನಡಿಯ ಕೆಳಗೆ ಕಿವಿ ಮಷಿನ್‌ಗಳ ಕೂದಲೆಳೆಯಂಥ ತಂತಿಗಳನ್ನು ಬೆಸೆಯುತ್ತ ಕೂತವಳು. ಸಭೆ ಗಿಭೆ ಎಲ್ಲ ಮಹಡಿಯ ಮೇಲಿನವರ ಬಾಬತ್ತು. ಆದರೆ ಹೊರಗಿನಿಂದ ಬಂದ ಸಲಹೆಗಾರ್ತಿ, "ಮಾತಾಡೋರು ಮಾತ್ರ ಅಲ್ಲ, ಮಾಡೋರೂ ಕೂತ್ಕೋಬೇಕು" ಎಂದು ಪಟ್ಟು ಹಿಡಿದಿದ್ದಳು.

ಹೊಸ ಮಷಿನ್ ಯಾರಿಗಾಗಿ, ಏತಕ್ಕಾಗಿ ಎಂಬುದನ್ನು ಎಲ್ಲರೂ ಒಪ್ಪುವಂಥ ಒಂದೇ ಸಾಲಿನಲ್ಲಿ ಬರೆಯಬೇಕಿತ್ತು. ಒಂದು ಸಾಲು ಅಷ್ಟೇ. ಅದಕ್ಕಾಗಿ ವರ್ಷದಿಂದ ಕಚ್ಚಾಡುತ್ತಿದ್ದರು. ಬ್ಯಾಟರಿಯವನು ಒಂದು ಕಡೆ, ಮಾರಾಟದವನು ಇನ್ನೊಂದು ಕಡೆ ಜಗ್ಗಿ ಜಗ್ಗಿ ಕೆಲಸ ನಿಂತಲ್ಲೇ ನಿಂತಿತ್ತು.

ಸಲಹೆಗಾರ್ತಿಯ ಪದ್ಧತಿಯೇ ಬೇರೆ. ಮೇಜಿನ ತುದಿಗೆ ಒಂದು ಖಾಲಿ ಕುರ್ಚಿ ಹಾಕಿಸಿದಳು. ಅದರ ಮೇಲೆ ಯಾರೂ ಚೀಲ ಇಡಕೂಡದು, ಕೋಟು ನೇತುಹಾಕಕೂಡದು. ಮಷಿನ್ ಯಾರ ಕಿವಿಗೆ ಹೋಗುತ್ತದೋ ಅವರು ಅಲ್ಲಿ ಕೂತಿದ್ದಾರೆ ಅಂದುಕೊಂಡು, ಅವರ ಮುಖ ನೋಡಿಯೇ ಮಾತಾಡಬೇಕು.

"ಯಾರು ಕೂತಿದ್ದಾರೆ ಹೇಳಿ."

"ಒಂಬತ್ತು ಗಂಟೆಯವರು!" ಅಂದ ಬ್ಯಾಟರಿಯವನು, ಕಾಗದದ ಕಟ್ಟನ್ನು ಕುಟ್ಟುತ್ತ. "ಹನ್ನೊಂದು ಮನೆಗೆ ಪ್ರಯೋಗಕ್ಕೆ ಕೊಟ್ವಿ, ದಿನಾ ಎಷ್ಟು ಹೊತ್ತು ಹಾಕ್ಕೊಂಡ್ರು ಅಂತ ಮನೆಯವರೇ ಬರೆದುಕೊಟ್ರು. ಹತ್ತು ಮನೆಯವರು ಎರಡು ಗಂಟೆ ಹಾಕ್ಕೊಂಡು ತೆಗೆದಿಟ್ಟರು. ನಮ್ಮ ಬೆಸುಗೆ ಅಕ್ಕನ ಯಜಮಾನರು ಮಾತ್ರ ಆರು ತಿಂಗಳಿಂದ ದಿನಾ ಒಂಬತ್ತು ಗಂಟೆ ಹಾಕ್ಕೊಳ್ತಾರೆ. ಅಂಥೋರಿಗೆ ಬೇಕಾಗಿರೋದು ದೊಡ್ಡ ಬ್ಯಾಟರಿ, ದೊಡ್ಡ ಸದ್ದು."

ಜನ್ಮದಲ್ಲಿ ಮೊದಲ ಸಲ ಮಾರಾಟದವನೂ ತಲೆಯಾಡಿಸಿದ. ಅಂಥವರು ಬೆಳಿಗ್ಗೆ ಎದ್ದೊಡನೆ ರೇಡಿಯೋ ಕೇಳುತ್ತಾರೆ ಅಂದ. ಮಧ್ಯಾಹ್ನ ಅಂಗಡಿಯವನ ಜೊತೆ ಚೌಕಾಸಿ ಮಾಡುತ್ತಾರೆ, ಸಂಜೆ ಹೆಂಡತಿ ಬಂದರೆ ಎದುರು ಕೂತು ಹರಟುತ್ತಾರೆ. ಇಬ್ಬರೂ ಪೈಪೋಟಿಯ ಮೇಲೆ ಆ ಮನುಷ್ಯನಿಗೆ ಒಂದೊಂದೇ ಸುಖ ಜೋಡಿಸಿದರು.

ಅಕ್ಕ ಕುರ್ಚಿಯನ್ನೇ ನೋಡುತ್ತಿದ್ದಳು. ಎಂಥ ಚೆಂದದ ಗಂಡ! ಅವನ ಜೊತೆ ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು.

ಮನೆಯಲ್ಲಿದ್ದ ಗಂಡ ಬೇರೆ. ದರ್ಜಿ. ಕಿವಿ ಚೆನ್ನಾಗಿದ್ದಾಗ, ಅವಳು ಚಪ್ಪಲಿ ಬಿಡುವ ಮೊದಲೇ ಹೊಲಿಗೆ ಯಂತ್ರದ ಗಾಲಿಗೆ ಕೈ ಕೊಟ್ಟು ನಿಲ್ಲಿಸಿ, "ಇವತ್ತೇನಾಯ್ತು?" ಎನ್ನುತ್ತಿದ್ದ. ಆಮೇಲೆ ಒಂದು ಗಂಟೆ ಅವಳದೇ ದರ್ಬಾರು. ಕಿವಿ ಹೋಗಿ ನಾಲ್ಕು ವರ್ಷವಾಯಿತು. ಈಗ ಅಡುಗೆಮನೆ ಗೋಡೆಯ ಪುಟ್ಟ ಹಲಗೆಯ ಮೇಲೆ ಸಂಸಾರ. 'ಹಾಲಿಲ್ಲ.' 'ಗ್ಯಾಸ್ ಬಂತು.' ಹಲಗೆಯ ಮೇಲೆ ಯಾರಾದರೂ ಹರಟೆ ಬರೆಯುತ್ತಾರೆಯೇ? ಕಂಪನಿಯ ಮಷಿನ್ ಕೊಟ್ಟಾಗ ಅವಳು ಎಷ್ಟು ಹಿಗ್ಗಿದ್ದಳೋ! ಅವನು ಅದನ್ನು ಹಾಕಿಕೊಂಡ, ಅವಳು ಬಾಯಿ ತೆರೆದಳು, ಅವನು ಮೆಲ್ಲಗೆ ತೆಗೆದು ಗುಂಡಿ ಡಬ್ಬಿಯೊಳಗೆ ಇಟ್ಟ. ದಿನಾ ಅದೇ ಕತೆ. ಒಂಬತ್ತು ನಿಮಿಷವೂ ಇಲ್ಲ.

"ಹಾಗಾದ್ರೆ ಬರೆದುಬಿಡೋಣ್ವಾ?" ಎಂದಳು ಸಲಹೆಗಾರ್ತಿ. "ದಿನವಿಡೀ ಕೇಳುವವರಿಗೆ ದೊಡ್ಡ ಸದ್ದು. ಎಲ್ರಿಗೂ ಒಪ್ಪಿಗೆ ತಾನೇ?"

ಇದಕ್ಕೆ ಹೂಂ ಅಂದರೆ ಮುಗಿಯಿತು. ಮುಂದಿನ ಮಷಿನ್ ಇನ್ನೂ ಗಟ್ಟಿಯಾಗಿ ಕಿರುಚುತ್ತದೆ, ಅದೂ ಗುಂಡಿ ಡಬ್ಬಿ ಸೇರುತ್ತದೆ. ಅಕ್ಕ ಎದ್ದು ನಿಂತಳು.

"ಆ ಕುರ್ಚೀಲಿ ಯಾರೂ ಇಲ್ಲ" ಎಂದಳು. "ಒಂಬತ್ತು ಗಂಟೆ ಸುಳ್ಳು. ಬರೆದಿದ್ದು ನಾನೇ."

ಬ್ಯಾಟರಿಯವನ ಮುಖ ಇಂಗು ತಿಂದ ಮಂಗನಂತಾಯಿತು. "ಯಾಕಕ್ಕಾ?"

"ಮೊದಲ ದಿನ ಕಂಪನಿ ಮರ್ಯಾದೆ ಅಂತ ಬರೆದೆ. ನಾನೇ ಬೆಸೆದ ಮಷಿನ್ನು ನಮ್ಮನೇಲೇ ನಡೆಯಲ್ಲ ಅಂತ ಹೆಂಗೆ ಬರೀಲಿ? ಆಮೇಲೆ... ಆಮೇಲೆ ಹಾಗೆ ಬರೆಯೋದೇ ಹಿತ ಅನ್ನಿಸ್ತು. ಅಷ್ಟು ಹೊತ್ತು ನನ್ನ ಮಾತು ಕೇಳಿದ್ರು ಅಂತ."

ಕೆಲಸ ಹೋಯಿತೆಂದೇ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸಲಹೆಗಾರ್ತಿ ಬರೆಯಲು ಎತ್ತಿದ್ದ ಪೆನ್ನನ್ನು ಕೆಳಗಿಟ್ಟು ಕೇಳಿದಳು: "ಯಾಕೆ ತೆಗೀತಾರೆ?"

"ನಾನು ಕೇಳಿಲ್ಲ." ಕೇಳಲು ಭಯವಿತ್ತು. ನಿನ್ನ ಮಾತು ಸಾಕಾಗಿದೆ ಎಂದುಬಿಟ್ಟರೆ?

"ಕೇಳ್ಕೊಂಡು ಬನ್ನಿ. ನಾಳೆವರೆಗೂ ಏನೂ ಬರೆಯಲ್ಲ."

ಆ ಸಂಜೆ ಅಕ್ಕ ಹಲಗೆಯ ಮೇಲಿದ್ದ 'ಸೋಪು' ಎಂಬುದನ್ನು ಒರೆಸಿ ಬರೆದಳು: 'ನಾನು ಬಾಯಿ ತೆರೆದ ತಕ್ಷಣ ಮಷಿನ್ ಯಾಕೆ ತೆಗೀತೀರಿ?'

ಗಂಡ ಓದಿದ. ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಸುಮಾರು ಹೊತ್ತು ಕಳೆದ.

"ಬೇಜಾರು ಮಾಡ್ಕೋಬೇಡ" ಎಂದ. "ಅದ್ರಲ್ಲಿ ನೀನು ಮಾತಾಡಿದ್ರೆ ಯಾರೋ ತಗಡಿನ ಹೆಂಗಸು ಮಾತಾಡಿದ ಹಾಗಿರುತ್ತೆ. ನಿನ್ನ ದನಿ ನಂಗಿನ್ನೂ ನೆನಪಿದೆ. ಅವಳ ದನಿ ಕೇಳಿ ಕೇಳಿ ನಿನ್ನದು ಎಲ್ಲಿ ಮರೆತುಹೋಗುತ್ತೋ ಅಂತ ಭಯ ಕಣೇ."

ಅಕ್ಕ ಬಳಪ ಕೆಳಗಿಟ್ಟಳು. ಅವನ ಪಕ್ಕದಲ್ಲಿ ಕೂತಳು, ಅಷ್ಟೇ.

ಮರುದಿನ ಖಾಲಿ ಕುರ್ಚಿಯ ಕಡೆ ತಿರುಗಿ ಅದನ್ನೇ ಚಾಚೂ ತಪ್ಪದೆ ಹೇಳಿದಳು. ಇಷ್ಟು ದಿನ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಸದ್ದಿನ ವಿಭಾಗದ ಹುಡುಗಿ ತಟ್ಟನೆ ನೆಟ್ಟಗಾದಳು. ಆ ದಿನ ಕಚ್ಚಾಟವಿಲ್ಲದೆ ಗೋಡೆಗೆ ಸಾಲು ಬಿತ್ತು: 'ನಮ್ಮವರ ದನಿ ನಮ್ಮವರದೇ ಅನ್ನಿಸಬೇಕು.' ದೊಡ್ಡ ಸದ್ದಿನ ಯೋಜನೆ ಕೈಬಿಟ್ಟರು. ಬ್ಯಾಟರಿ ಚಿಕ್ಕದಾದರೂ ಚಿಂತೆಯಿಲ್ಲ ಎಂದವನು ಬ್ಯಾಟರಿಯವನೇ.

"ಎಷ್ಟು ದಿನ ಹಿಡಿಯುತ್ತೆ?" ಅಕ್ಕ ಕೇಳಿದಳು.

"ಎರಡು ವರ್ಷ ಆಗಬಹುದಕ್ಕಾ. ಆಗದೇನೂ ಇರಬಹುದು" ಎಂದಳು ಹುಡುಗಿ. "ಮಷಿನ್ನಿನ ದನಿ ಹೋಲಿಸಿ ನೋಡೋಕೆ ಮೊದಲು ನಿಮ್ಮ ದನಿ ಬೇಕು. ಬನ್ನಿ, ಎರಡು ನಿಮಿಷ ಏನಾದ್ರೂ ಮಾತಾಡಿ, ಸಾಕು."

ಸದ್ದಿಲ್ಲದ ಪುಟ್ಟ ಕೋಣೆಯಲ್ಲಿ ಮೈಕಿನ ಮುಂದೆ ಅಕ್ಕ ಕೂತಳು. ಕೆಮ್ಮಿದಳು. ಗಾಜಿನಾಚೆ ಹುಡುಗಿ ಕೈ ಸನ್ನೆ ಮಾಡಿದಳು.

"ರೀ," ಎಂದಳು ಅಕ್ಕ, "ಇವತ್ತೇನಾಯ್ತು ಗೊತ್ತಾ?"

ಎರಡು ನಿಮಿಷ ಮುಗಿಯಿತು. ಹತ್ತು ನಿಮಿಷವೂ ಮುಗಿಯಿತು. ಮಾರಾಟದವನು ಕೈಗಡಿಯಾರ ತೋರಿಸಿದ. ಹುಡುಗಿ ತಲೆ ಅಡ್ಡಡ್ಡ ಆಡಿಸಿದಳು. ಒಳಗೆ ಅಕ್ಕ, ಅವನಿಗೆ ಹೇಳದೆ ಉಳಿದಿದ್ದ ನಾಲ್ಕು ವರ್ಷದ ಹಿಂದಿನ ಒಂದು ಸಂಜೆಯನ್ನು ಇನ್ನೂ ಹೇಳುತ್ತಿದ್ದಳು.