ಅನುಮಾನ ಬಂದರೆ ಅಣಬೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಅಣಬೆಯಕ್ಕ ಎಂದು. ಹೆಸರಿಟ್ಟವಳು ಇಲಿಗಳಿಗೆ ನೀರು-ಕಾಳು ಹಾಕುವವಳು. ಅಣಬೆಯಕ್ಕನ ಅಣಬೆಗಳು ಬಾಣಲೆಗೆ ಬೀಳುವಂಥವಲ್ಲ, ಮಿದುಳಿನೊಳಗಿನವು. ಮಿದುಳಿನ ಒಂದೊಂದು ಕೋಶಕ್ಕೂ ಮರದ ಹಾಗೆ ಕೊಂಬೆಗಳು, ಕೊಂಬೆಯ ತುಂಬ ಮುಳ್ಳುಗಳು. ಒಂದು ಕೋಶ ಇನ್ನೊಂದರ ಮಾತು ಕೇಳಿಸಿಕೊಳ್ಳುವುದು ಆ ಮುಳ್ಳಿನಲ್ಲೇ. ತಲೆ ದಪ್ಪ, ಕತ್ತು ಸಣ್ಣ ಇದ್ದರೆ ಅದು ಅಣಬೆ: ಕಲಿತದ್ದನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗಟ್ಟಿ ಮುಳ್ಳು. ಸಪೂರಾಗಿದ್ದರೆ ಕಡ್ಡಿ, ಇವತ್ತಿದ್ದು ನಾಳೆ ಉದುರುವಂಥದ್ದು. ಕತ್ತಲೆ ಕೋಣೆಯಲ್ಲಿ ಕೂತು ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಒಂದೊಂದು ಮುಳ್ಳಿಗೂ ಗುರುತು ಹಾಕುವುದು ಅವಳ ಕೆಲಸ. ಆ ಗುರುತು ನೋಡಿ ಕಂಪ್ಯೂಟರ್ ಕಲಿಯಬೇಕು, ಕಲಿತು ಲಕ್ಷಾಂತರ ಮುಳ್ಳುಗಳನ್ನು ತಾನೇ ವಿಂಗಡಿಸಬೇಕು.

ಅರ್ಧ ಇಲಿಗಳು ಉಸಿರಾಡಿದ್ದು ಒಳ್ಳೆಯ ಗಾಳಿ. ಇನ್ನರ್ಧ ಉಸಿರಾಡಿದ್ದು ಊರಾಚೆಯ ಕಾರ್ಖಾನೆಯಲ್ಲಿ ಕಬ್ಬಿಣದ ಬೀರುಗಳಿಗೆ ಹೊಡೆಯುವ ಬಣ್ಣದ ಥಿನ್ನರಿನ ಆವಿ. ಆ ಬಣ್ಣದ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ಅವಳ ಅಣ್ಣ ದುಡಿಯುತ್ತಿದ್ದ. ಆವಿ ತಲೆ ಕೆಡಿಸುತ್ತದೋ ಇಲ್ಲವೋ ಎಂದು ಕೆಲಸಗಾರರಿಗೂ ಕಾರ್ಖಾನೆಯವರಿಗೂ ನಡೆದಿದ್ದ ಜಗಳಕ್ಕೆ ಉತ್ತರ ಕೊಡಬೇಕಾದದ್ದು ಈ ಮುಳ್ಳುಗಳು.

ಒಂದು ಚಿತ್ರವೆಂದರೆ ಒಂದಲ್ಲ, ಒಂದರ ಕೆಳಗೊಂದು ಅರವತ್ತು ಪದರ. ಪದರ ಪದರ ಇಳಿದು ನೋಡಿದರೆ ಒಂದು ಕೊಂಬೆಗೆ ಒಂದು ಬೆಳಗ್ಗೆಯೇ ಬೇಕು. ಅವಳು ಅರವತ್ತನ್ನೂ ಒತ್ತಿ ಚಪ್ಪಟೆ ಮಾಡಿ ನೋಡುತ್ತಿದ್ದಳು. ಚಪ್ಪಟೆಯಾದಾಗ ಒಂದು ಕಡ್ಡಿಯ ಮೇಲೆ ಇನ್ನೊಂದು ಕಡ್ಡಿ ಕೂತು ಥೇಟ್ ಅಣಬೆಯ ಹಾಗೆ ಕಾಣುತ್ತದೆ. ಮೊದಮೊದಲು ಅಂಥವನ್ನು ‘ಅನುಮಾನ’ ಎಂಬ ಕಾಲಮ್ಮಿಗೆ ಹಾಕುತ್ತಿದ್ದಳು. ಅನುಮಾನ ಜಾಸ್ತಿಯಾದಷ್ಟೂ ಕಂಪ್ಯೂಟರ್ ಮುಗ್ಗರಿಸುತ್ತಿತ್ತು, ಮೇಲಿನವರು ಗಡಿಯಾರ ತೋರಿಸುತ್ತಿದ್ದರು. ಒಂದು ಮಧ್ಯಾಹ್ನ ಆ ಕಾಲಮ್ಮನ್ನೇ ಅಳಿಸಿಬಿಟ್ಟಳು.

“ಇನ್ಮೇಲೆ ಅನುಮಾನ ಬಂದ್ರೆ ಅಣಬೆ ಕಣೇ. ಪ್ರಾಸಾನೂ ಆಯ್ತು, ಕೆಲ್ಸಾನೂ ಮುಗೀತು.”

“ಬೋರ್ಡ್ ಬರೆಸಿ ಬಾಗಿಲಿಗೆ ಹಾಕಕ್ಕ,” ಎಂದು ಇಲಿಯವಳು ನಕ್ಕಳು.

ವರದಿ ಹೊರಬಿತ್ತು: ಗಮನಾರ್ಹ ವ್ಯತ್ಯಾಸವಿಲ್ಲ. ಕಾರ್ಖಾನೆಯವರು ಆ ಎರಡು ಪದಕ್ಕೆ ಕಟ್ಟು ಹಾಕಿಸಿ ಗೇಟಿನಲ್ಲಿ ತೂಗುಹಾಕಿದರು. ಕಿಟಕಿ ಕೇಳಿದವರಿಗೆ, ಮುಖಗವಸು ಕೇಳಿದವರಿಗೆ ಅದೇ ಉತ್ತರ. ಉಳ್ಳವರ ಕೈಗೆ ವಿಜ್ಞಾನ ಸಿಕ್ಕರೆ ಅದೂ ಬೀಗವೇ.

ಎಂಟು ತಿಂಗಳ ಮೇಲೆ ಒಂದು ಭಾನುವಾರ ಅಣ್ಣ ತನ್ನ ಮನೆಯ ಬೀದಿ ತಿರುವಿನಲ್ಲೇ ನಿಂತು, “ಎಡಕ್ಕೋ ಬಲಕ್ಕೋ, ಪುಟ್ಟೀ?” ಎಂದು ಅವಳನ್ನು ಕೇಳಿದ. ಆಮೇಲೆ, “ಬೀದಿಗಳು ಕೂತ ಜಾಗ ಬದಲಾಯಿಸಿದಾವೆ ಬಿಡು,” ಎಂದು ತಾನೇ ನಗೆಯಾಡಿದ. ಅವಳು ಅವನ ಕೈ ಹಿಡಿದು ಬಲಕ್ಕೆ ತಿರುಗಿಸಿದಳು.

ಸೋಮವಾರದಿಂದ ಹಳೆಯ ಚಿತ್ರಗಳನ್ನು ತೆರೆದು ಪದರ ಪದರ ಇಳಿದಳು. ಒಂಬತ್ತು ದಿನ ಹಿಡಿಯಿತು. ಅನುಮಾನದ ಮುಳ್ಳುಗಳು ಇನ್ನೂರ ಹದಿನಾಲ್ಕು, ಅದರಲ್ಲಿ ನಿಜವಾದ ಅಣಬೆ ಹತ್ತೊಂಬತ್ತು. ಮಿಕ್ಕವೆಲ್ಲ ಒಂದರ ಮೇಲೊಂದು ಬಿದ್ದ ಕಡ್ಡಿ. ಒಳ್ಳೆಯ ಗಾಳಿಯ ಇಲಿಗಳಲ್ಲಿ ಅನುಮಾನವೇ ಅಪರೂಪ, ಹೆಚ್ಚುಕಡಿಮೆ ಎಲ್ಲವೂ ಆವಿ ಕುಡಿದ ಇಲಿಗಳವು. ಉದುರುತ್ತಿದ್ದ ಮಿದುಳಿಗೆ ಅವಳು ಕೈಯಾರೆ ಅಣಬೆ ನೆಟ್ಟಿದ್ದಳು. ಕಂಪ್ಯೂಟರು ಅವಳಿಂದಲೇ ಕಲಿತು ತೋಟವನ್ನೇ ಬೆಳೆಸಿತ್ತು.

ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕಾಗದಗಳನ್ನು ಪೂರ್ತಿ ನೋಡಿದರು. “ಎಲ್ಲರೂ ಚಪ್ಪಟೆ ಮಾಡೇ ನೋಡ್ತಾರಮ್ಮ. ಈಗ ಸತ್ತ ಇಲಿ ಎದ್ದು ಬಂದು ಸಾಕ್ಷಿ ಹೇಳುತ್ತಾ?”

“ಇಲಿ ಹೇಳಲ್ಲ ಮೇಡಂ. ನಾನು ಹೇಳ್ಬೇಕು. ಗುರುವಾರ ಕಾರ್ಮಿಕ ಇಲಾಖೆಲಿ ಶೆಡ್ಡಿನವರ ದೂರಿನ ವಿಚಾರಣೆ ಇದೆ.”

“ಹೇಳಿದ್ರೆ ಶುಕ್ರವಾರ ಈ ಕೋಣೆ ನಿಂದಲ್ಲ,” ಎಂದರು ಮೇಡಂ. ದನಿ ಏರಿಸಲಿಲ್ಲ.

ಗುರುವಾರ ಬೆಳಗ್ಗೆ ಅಣ್ಣನ ಮನೆಗೆ ಹೋದಳು. ಅತ್ತಿಗೆ ಅಂಗಳದಲ್ಲಿ ಗಂಡನ ಕೆಲಸದ ಅಂಗಿ ಹಿಂಡುತ್ತಿದ್ದಳು. ಎಷ್ಟು ಒಗೆದರೂ ಆ ವಾಸನೆ ಹೋಗುತ್ತಿರಲಿಲ್ಲ. ಅಣಬೆಯಕ್ಕ ಹೇಳಲು ಶುರು ಮಾಡಿ, ಎರಡನೇ ಮಾತಿಗೇ ಅತ್ತಳು.

ಅತ್ತಿಗೆ ಅಂಗಿ ಕೆಳಗಿಡಲಿಲ್ಲ. “ಹೇಳೋಕೆ ಬಂದ್ಯಾ, ಅತ್ತು ಹಗುರಾಗೋಕೆ ಬಂದ್ಯಾ? ಅಳೋದಾದ್ರೆ ನಿನ್ನ ಮನೇಲೂ ನೀರಿತ್ತು.”

ಮೂಗು ಒರೆಸಿಕೊಂಡು ಮೊದಲಿನಿಂದ ಹೇಳಿದಳು. ಕಟ್ಟೆಯ ಮೇಲೆ ಕೂತಿದ್ದ ಅಣ್ಣ ಕಿವಿಗೊಟ್ಟು ಕೇಳಿದ. “ಅಂದ್ರೆ ನನ್ನ ತಲೆ ಚಿತ್ರಾನೇ ತಂದಿಟ್ಟಿದ್ರೂ ‘ಗಟ್ಟಿಮುಟ್ಟು’ ಅಂತ ಬರೀತಿದ್ದೆ ಅನ್ನು.”

“ಹೂಂ ಅಣ್ಣ. ಬರೀತಿದ್ದೆ.”

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಅರ್ಧಕ್ಕೆ ನಿಂತಿತು. ಹೆಂಡತಿಯ ಕಡೆ ತಿರುಗಿ, “ಯಾತಕ್ಕೆ ನಗ್ತಿದ್ದೆ ನಾನು?” ಎಂದು ಕೇಳಿದ.

ಅತ್ತಿಗೆ ಅಂಗಿಯನ್ನು ಬಕೆಟ್ಟಿಗೆ ಎಸೆದು, ಕೈ ಕೂಡ ಒರೆಸದೆ ಅವಳ ರಟ್ಟೆ ಹಿಡಿದಳು. “ನಡಿ. ಈಗ ಹೇಳಿದ್ದನ್ನ ಅಲ್ಲಿ ಹೇಳು. ಕಣ್ಣೀರಿಲ್ದೆ.”

ವಿಚಾರಣೆಯ ಕೋಣೆಯಲ್ಲಿ ಫ್ಯಾನಿನ ಸದ್ದಿಗೆ ಮಾತು ಅರ್ಧಂಬರ್ಧ ಕೇಳುತ್ತಿತ್ತು. ಕಾರ್ಖಾನೆಯ ವಕೀಲರು ಆ ಎರಡು ಪದ ಓದುತ್ತಿದ್ದ ಹಾಗೇ ಅವಳು ಎದ್ದಳು.

“ಅದು ತಪ್ಪು. ಗುರುತು ಹಾಕಿದವಳು ನಾನು.”

“ನಿಮ್ಮ ಸರದಿ ಬಂದಾಗ ಹೇಳೀಮ್ಮ, ಕೂತ್ಕೊಳ್ಳಿ,” ಎಂದರು ಅಧಿಕಾರಿ. ಅವಳು ಕೂರಲಿಲ್ಲ. ಎಲ್ಲವನ್ನೂ ಹೇಳಿದಳು: ಅರವತ್ತು ಪದರ, ಅಳಿಸಿದ ಕಾಲಮ್ಮು, ಹತ್ತೊಂಬತ್ತರ ಲೆಕ್ಕ. ವಕೀಲರು ಹೌಹಾರಿ ಎದ್ದು ನಿಂತರು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು, ಕಾಗದಗಳನ್ನು ಇತ್ತ ಕೊಡಿ ಎಂದು ಕೈ ಚಾಚಿದರು.

ಬಣ್ಣದ ಶೆಡ್ಡಿನವರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಯಾರೂ ಭೇಷ್ ಎನ್ನಲಿಲ್ಲ. ಕೈ ನಡುಗುತ್ತಿದ್ದ ಒಬ್ಬ ಮುದುಕ ಮಾತ್ರ, “ಎಂಟು ತಿಂಗಳು ಎಲ್ಲಿದ್ದೆ ತಾಯಿ?” ಎಂದ.

ಅವಳು ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ಪಕ್ಕದಲ್ಲೇ ಇದ್ದಳು, ನಾದಿನಿಯ ಪರವಾಗಿ ಅವಳೂ ಒಂದು ಮಾತು ಆಡಲಿಲ್ಲ.